ಒಂದೇ ಕಡೆ ನೋಡುವ ಗಿಳಿಗಳು

"ಊಟ ಆಯ್ತಲ್ಲ, ಇನ್ನು ಸ್ವಲ್ಪ ಅಡ್ಡ ಆಗು," ಎಂದು ಕಲ್ಲುಗುಂಡಿಯ ಸರೋಜಕ್ಕ ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋದರು. ಮಂಚದ ಮೇಲೆ ಎರಡು ತಲೆದಿಂಬುಗಳಿದ್ದವು. ಎರಡರ ಕವರಿನಲ್ಲೂ ಕೈಕಸೂತಿಯ ಒಂದೊಂದು ಹಸಿರು ಗಿಳಿ. ನಾನು ನಿಂತಲ್ಲೇ ನಿಂತೆ. ಗಿಳಿಗಳೆರಡೂ ಬಲಕ್ಕೇ ಮುಖ ಮಾಡಿದ್ದವು.

ಜೋಡಿ ದಿಂಬಿನ ಗಿಳಿಗಳು ಎದುರುಬದುರು ನೋಡಬೇಕು. ಎರಡನೆಯದಕ್ಕೆ ಚಿತ್ರದ ಕಾಗದವನ್ನು ಮಗುಚಿ ಹಾಕಲು ಮರೆತವಳು ನನ್ನ ಅಕ್ಕ. ಗೆಳತಿ ಸರೋಜಕ್ಕನ ಮದುವೆಗೆಂದು ಅವಳು ಹಾಕಿದ ಕಸೂತಿ ಅದು. ಅಕ್ಕ ತೀರಿಹೋಗಿ ಎಷ್ಟೋ ವರ್ಷವಾಯಿತು. ಅವಳ ಕೈಯ ಒಂದು ಎಳೆ ನೂಲೂ ನಮ್ಮ ಮನೆಯಲ್ಲಿ ಉಳಿದಿಲ್ಲ.

"ಒಂದು ಇನ್ನೊಂದಕ್ಕೆ ಬೆನ್ನು ಹಾಕಿ ಕೂತುಂಟಲ್ಲ ಮಾರಾಯ್ತಿ, ಎಂತ, ಜಗಳವಾ ಅಂತ ನಿನ್ನ ಅಕ್ಕನಿಗೆ ತಮಾಷೆ ಮಾಡಿದ್ದೆ," ಎಂದು ಸರೋಜಕ್ಕ ನಕ್ಕರು. "ಬೇರೆ ಮಾಡಿ ಕೊಡ್ತೇನೆ ಅಂದ್ಲು. ನಾನು ವಾಪಸ್ ಕೊಡ್ಲೇ ಇಲ್ಲ. ನೆಂಟರು ಬಂದ್ರೆ ಮಾತ್ರ ಹಾಕುದು." ಆಮೇಲೆ ನನ್ನ ಮುಖ ನೋಡಿದವರೇ ಒಂದು ಕವರಿನ ಗುಂಡಿ ಬಿಚ್ಚತೊಡಗಿದರು. "ಒಂದು ನೀನು ಕೊಂಡೋಗು."

ನಾನು ಅವರ ಕೈ ಹಿಡಿದೆ. "ಬೇಡ ಸರೋಜಕ್ಕ, ಎರಡೂ ಒಟ್ಟಿಗೇ ಇರ್ಲಿ."

ಹೊಲಿಗೆ ಕ್ಲಾಸಿಗೆ ಹೋಗುವಾಗ ಅಕ್ಕ ಮುಂದೆ, ಅವಳ ನೂಲಿನ ಡಬ್ಬಿ ಹಿಡಿದುಕೊಂಡು ನಾನು ಹಿಂದೆ. ದಾರಿಯುದ್ದಕ್ಕೂ ನನಗೆ ಕಾಣುತ್ತಿದ್ದದ್ದು ಅವಳ ಬೆನ್ನು ಮತ್ತು ಜಡೆ. ಆ ಹಿಂದಿನ ಗಿಳಿಗೆ ಮುಂದಿನದರ ಬೆನ್ನಾದರೂ ಇನ್ನೂ ಕಾಣುತ್ತಿದೆ. ಅದನ್ನು ತಪ್ಪಿಸಲು ನನಗೆ ಮನಸ್ಸು ಬರಲಿಲ್ಲ.