ಮಾವನ ಕಾರಿನ ಗೀರು

ಕೊತ್ತತ್ತಿಯ ನಮ್ಮ ಸೋದರಮಾವನ ಮನೆಗೆ ಯಾರೇ ಹೋಗಲಿ, ಕಾಫಿಗೆ ಮೊದಲು ಕಾರಿನ ಗೀರು ನೋಡಬೇಕಿತ್ತು. ಹಳೇ ಕೆಂಪು ಕಾರು, ಎಡಗಡೆ ಬಾಗಿಲ ಮೇಲೆ ಗೇಣುದ್ದದ ಗೀರು. ಪಕ್ಕದ ಮನೆಯ ದೊಡ್ಡಮಾವ, ಅಂದರೆ ಇವರ ಒಡಹುಟ್ಟಿದ ಅಣ್ಣ, ಕಬ್ಬಿನ ಟ್ರಾಕ್ಟರ್ ತಿರುಗಿಸುವಾಗ ತಗುಲಿಸಿದ್ದು ಎಂದು ಮಾವ. ನಾನಲ್ಲವೇ ಅಲ್ಲ ಎಂದು ದೊಡ್ಡಮಾವ. ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು ವರ್ಷದಿಂದ ಮಾತಿಲ್ಲ. ಮಾವನಿಗೆ ರಿಪೇರಿ ಬೇಡ, ದುಡ್ಡೂ ಬೇಡ. ‘ನಾನೇ ಮಾಡಿದ್ದು’ ಎಂದು ಅಣ್ಣನ ಬಾಯಲ್ಲಿ ಬರಬೇಕು, ಅಷ್ಟೇ. ಆ ಗೀರಿಗೆ ಇನ್ನೊಂದು ಗೀರು ಸೇರೀತೆಂದು ಕಾರನ್ನೇ ಅಂಗಳದಿಂದ ಹೊರಗೆ ತೆಗೆಯುತ್ತಿರಲಿಲ್ಲ ಮಹಾನುಭಾವರು.

ಅತ್ತೆಗೆ ಸಾಕುಸಾಕಾಗಿತ್ತು. ಸ್ವಂತ ವಾರಗಿತ್ತಿಯ ಜೊತೆ ಹಿತ್ತಲಲ್ಲಿ ಕದ್ದು ಮಾತಾಡಬೇಕೆಂದರೆ ಇದೇನು ಕರ್ಮ! ನನ್ನ ಹಳೇ ಸ್ಕೂಟರಿನ ತರಚನ್ನು ನಾನೇ ಬಣ್ಣ ಹಚ್ಚಿ ಮಾಯ ಮಾಡಿದ್ದು ಅವರಿಗೆ ಗೊತ್ತಿತ್ತು. ಮಾವ ನೆಂಟರ ಮನೆಗೆಂದು ಮಳವಳ್ಳಿ ಬಸ್ಸು ಹತ್ತಿದ್ದೇ ತಡ, ಕಾರಿನ ಪೆಟ್ರೋಲ್ ಮುಚ್ಚಳ ಬಿಚ್ಚಿಸಿ, ಸೆರಗಿನಲ್ಲಿ ಸುತ್ತಿಕೊಂಡು, ಮಂಡ್ಯದ ನನ್ನ ಮನೆಗೇ ಬಂದುಬಿಟ್ಟರು.

“ಬಣ್ಣ ಹೊಂದ್ಸೋಕೆ ಇದು ಸಾಕಲ್ವವ್ವಾ? ಗೀರು ಇರೋಗಂಟ ಇವರಿಬ್ರೂ ಸರಿಯಾಗಾಕಿಲ್ಲ, ಬಾ.”

ಬಣ್ಣದ ಅಂಗಡಿಯವನು ಮುಚ್ಚಳ ಉಜ್ಜಿ ನೋಡಿ ಅದೇ ಬಣ್ಣ ಕಲಸಿಕೊಟ್ಟ. ಅತ್ತೆಯ ಜೊತೆ ಕೊತ್ತತ್ತಿಗೆ ಹೋಗಿ ಕೆಲಸ ಶುರು ಮಾಡಿದೆ. ಸಣ್ಣ ಬ್ರಷ್ಷಿನಲ್ಲಿ ಗೀರಿನೊಳಗೆ ತೆಳ್ಳಗೆ ಹಚ್ಚುವುದು, ಒಣಗಿಸುವುದು, ಮತ್ತೆ ಹಚ್ಚುವುದು. ಮಾರನೆಯ ದಿನ ಸೋಪಿನ ನೀರಿನಲ್ಲಿ ನೆನೆಸಿದ ವಾಟರ್ ಪೇಪರಿನಿಂದ, ಅಂದರೆ ನುಣುಪಾದ ಉಜ್ಜುಕಾಗದದಿಂದ, ಬಣ್ಣದ ಉಬ್ಬು ಇಳಿಸಿ, ಪಾಲಿಶ್ ಹಾಕಿ ಒರೆಸಿದೆ. ಅಯ್ಯೋ ರಾಮ! ಗೀರೇನೋ ಹೋಯಿತು, ಆದರೆ ಬಿಸಿಲಿಗೆ ಮಂಕಾದ ಬಾಗಿಲಲ್ಲಿ ಆ ಜಾಗ ಒಂದೇ ಫಳಫಳ ಅನ್ನುತ್ತಿತ್ತು. ಹೊಸದನ್ನು ಮಂಕು ಮಾಡೋಕಾಗುತ್ತದೆಯೇ? ಹಳೆಯದನ್ನೇ ಉಜ್ಜಿ ಮೇಲಕ್ಕೆ ತರಬೇಕು. ಬಾಗಿಲು ಉಜ್ಜಿದೆ. ಆಮೇಲೆ ಆ ಪಕ್ಕ. ಆಮೇಲೆ ಈ ಪಕ್ಕವೇನು ಪಾಪ ಮಾಡಿತ್ತು? ಅತ್ತೆಯೂ ಸೆರಗು ಸಿಕ್ಕಿಸಿಕೊಂಡು ಇಳಿದರು. ರಟ್ಟೆ ಬಿದ್ದುಹೋಗುವಷ್ಟರಲ್ಲಿ ಇಡೀ ಕಾರು ಮದುಮಗಳಾಗಿತ್ತು.

ಮಾವ ವಾಪಸು ಬರುವಾಗ, ನ್ಯಾಯ ಹೇಳಲೆಂದು, ಗೀರನ್ನು ಎಂದೂ ನೋಡಿರದ ಯಲಿಯೂರಿನ ಹಿರಿಯರೊಬ್ಬರನ್ನು ಕರೆತರುತ್ತಾರೆಂದು ನಮಗೇನು ಗೊತ್ತು? ಬಂದವರೇ ದೊಡ್ಡಮಾವನಿಗೂ ಹೇಳಿಕಳಿಸಿದರು. ಅವರು ಬಂದು ದೂರದಲ್ಲಿ ಕೈಕಟ್ಟಿ ನಿಂತರು. ಮಾವ ಠೀವಿಯಿಂದ ಬಾಗಿಲ ಮುಂದೆ ಕೈಚಾಚಿದರು. ಗೀರಿಲ್ಲ. ಕನ್ನಡಕ ಹಾಕಿಕೊಂಡರು. ಬಾಗಿಲನ್ನು ಟವಲಿನಿಂದ ಒರೆಸಿದರು. ಪಕ್ಕ ತಪ್ಪಿತೇನೋ ಎಂದು ಬಲಗಡೆ ಬಾಗಿಲಿಗೂ ಹೋಗಿ ಬಂದರು. ನಾನೂ ಅತ್ತೆಯೂ ಹೊಸಿಲಲ್ಲಿ ತುಟಿ ಕಚ್ಚಿಕೊಂಡು ನಿಂತಿದ್ದೆವು.

ಹಿರಿಯರಿಗೆ ರೇಗಿತು. “ಇಲ್ದಿರೋ ಗೀರ್ಗೆ ವರ್ಸವೆಲ್ಲಾ ಒಡಹುಟ್ಟಿದೋನ್ ಮಾನ ಕಳೆದ್ಯಾ? ಸುಳ್ಳ ಕಣ್ಲಾ ನೀನು.”

ಮಾವ ಇನ್ನೊಮ್ಮೆ ಬಾಗಿಲು ಸವರಿ ನೋಡಿ ಮುಖ ಇಳಿಬಿಟ್ಟರು. ಆ ಮುಖ ನೋಡಿ ನನ್ನ ನಗು ಹಾರಿಹೋಯಿತು. ಹೇಳಿಬಿಡೋಣ ಎಂದು ಮೆಟ್ಟಿಲು ಇಳಿದೆ. ಅಷ್ಟರಲ್ಲಿ ದೊಡ್ಡಮಾವ ಕೈಕಟ್ಟು ಬಿಚ್ಚಿ ನಡೆದು ಬಂದು ಬಾಗಿಲ ಮೇಲೆ ಬೆರಳಿಟ್ಟರು.

“ಇಲ್ಲಿತ್ತು ಗೀರು. ಗೀರಿದ್ದು ನಾನೇಯ. ನನ್ ತಮ್ಮನ್ನ ಸುಳ್ಳ ಅನ್ಬ್ಯಾಡಿ.”

ಮಾವ ಆ ಬೆರಳನ್ನೇ ನೋಡುತ್ತಾ ನಿಂತರು. ಕಣ್ಣು ತುಂಬಿತ್ತು. ಆಮೇಲೆ ಟವಲಿನಿಂದ ಕಣ್ಣೊರೆಸಿಕೊಂಡರು.

“ಅಲ್ಲಲ್ಲ ಕಣಣ್ಣ,” ಅಂದರು, “ಇನ್ನೊಸಿ ಕೆಳಕ್ಕೆ.”

ದೊಡ್ಡಮಾವ ಬೆರಳನ್ನು ಕೆಳಕ್ಕೆ ಇಳಿಸಿದರು.