ತರಗೆಲೆಯಡಿಯ ಊಟ

ನಾಂಪಲ್ಲಿಯ ಸರ್ಕಾರಿ ಕಚೇರಿಯಿಂದ ನಿವೃತ್ತಳಾದ ಮೇಲೆ, ನಾನೂ ನಮ್ಮ ಯಜಮಾನರೂ ಉಪ್ಪಲ್‌ನಿಂದಾಚೆ ಅರಣ್ಯ ಇಲಾಖೆಯವರು ನಡೆದಾಡಲು ದಾರಿ ಮಾಡಿದ್ದ ಕುರುಚಲು ಕಾಡಿಗೆ ಬೆಳಗಿನ ವಾಕಿಂಗ್ ಹೋಗತೊಡಗಿದೆವು. ಅಲ್ಲಿ ಗೌಜಲಹಕ್ಕಿಗಳಿದ್ದವು. ಯಜಮಾನರು ದಿನಾ ಒಂದು ಮುಷ್ಟಿ ಜೋಳ ಒಯ್ದು ಪೊದೆಯ ಮುಂದೆ ಚೆಲ್ಲುತ್ತಿದ್ದರು. ಬಂದು ತಿನ್ನುತ್ತಿದ್ದವು ಮಾತ್ರ ಪಾರಿವಾಳಗಳು.

"ಅವಕ್ಕ ಜೋಳ ಬ್ಯಾಡಂತ ಕಾಣತೈತ್ರಿ," ಎಂದೆ.

"ಜೋಳ ಬ್ಯಾಡನ್ನೋ ಗೌಜಲಹಕ್ಕಿ ಎಲ್ಲೈತಿ? ನಮ್ಮ ಹೊಲದಾಗ ತಿನ್ನೂದು ನಾ ನೋಡೀನಿ."

ವಾದ ಬೆಳೆಸದೆ, ದಿನಾ ಅರ್ಧ ಗಂಟೆ ಒಂದು ಬಂಡೆಯ ಮೇಲೆ ಸುಮ್ಮನೆ ಕೂತು ನೋಡತೊಡಗಿದೆ. ಹಕ್ಕಿಗಳು ಒಂದರ ಹಿಂದೊಂದು ಪೊದೆಯಡಿಯಲ್ಲೇ ನಡೆಯುತ್ತಿದ್ದವು. ಕಾಲಿನಿಂದ ತರಗೆಲೆ ಕೆದರಿ, ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ ಕುಕ್ಕುತ್ತಿದ್ದವು. ಸಿಗುತ್ತಿದ್ದುದು ಗೆದ್ದಲು, ಜೀರುಂಡೆ, ಹುಲ್ಲಿನ ಬೀಜ, ಉದುರಿದ ಬಾರೆಹಣ್ಣು. ಜೋಳವನ್ನು ಅವು ತಿನ್ನದೆ ಇರಲಿಕ್ಕಿಲ್ಲ. ಆದರೆ ಬಯಲಿಗೆ ಬಂದು ತಿನ್ನುವ ಧೈರ್ಯ ಅವಕ್ಕಿರಲಿಲ್ಲ. ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದೆ. ಮರುದಿನದಿಂದ ಅವರು ಬರಿಗೈಯಲ್ಲಿ ಬಂದರು.

ಬೇಸಿಗೆಯ ಶುರುವಿನಲ್ಲಿ ಅಲ್ಲಿ ಕಸ ಗುಡಿಸುವ ಹೆಂಗಸು ಪೊದೆಗಳಡಿಯ ಎಲೆಯನ್ನೆಲ್ಲ ಬಳಿದು ಸುಡತೊಡಗಿದಳು. ಎರಡೇ ದಿನಕ್ಕೆ ಆ ಭಾಗದಲ್ಲಿ ಹಕ್ಕಿಗಳ ಸುಳಿವಿಲ್ಲ. ಬೇಡವೆಂದು ಹೇಳಿದೆ. ಅವಳು ತೆಲುಗಿನಲ್ಲಿ, ಇದು ಸೂಪರ್‌ವೈಸರ್ ಆರ್ಡರು, ಎಲೆ ಉಳಿದರೆ ತನಗೇ ಬೈಗುಳ ಎಂದಳು. ಹಾಗಾದರೆ ಸೂಪರ್‌ವೈಸರನ್ನೇ ಕೇಳುತ್ತೇನೆಂದೆ.

"ಅವರನ್ನ ಕೇಳಿ ಏನ್ ಉಪಯೋಗ? ಯಾರು ಕೇಳತಾರ ನಮ್ಮ ಮಾತು?" ಎಂದರು ಯಜಮಾನರು.

"ಮೂವತ್ತು ವರ್ಷ ಆಫೀಸರ್‌ಗಳ ಕಡೆ ಸಹಿ ಹಾಕಿಸೀನ್ರಿ. ಇವರೊಬ್ಬರು ಹೆಚ್ಚೇನಲ್ಲ," ಎಂದೆ.

ಸೂಪರ್‌ವೈಸರ್‌ಗೆ ಭಾಷಣ ಮಾಡಲಿಲ್ಲ. ಇನ್ನೂ ಗುಡಿಸದ ಜಾಗಕ್ಕೆ ಕರೆದೊಯ್ದು ಬಂಡೆಯ ಮೇಲೆ ಕೂರಿಸಿದೆ. ಅವರು ಎರಡು ಸಲ ಗಡಿಯಾರ ನೋಡಿದರು. ಅಷ್ಟರಲ್ಲಿ ತಾಯಿಹಕ್ಕಿಯೊಂದು ಐದು ಮರಿಗಳೊಂದಿಗೆ ಬಂತು. ಒಣ ಕಡ್ಡಿಗೆ ಮೆತ್ತಿದ್ದ ಗೆದ್ದಲಿನ ಮಣ್ಣನ್ನು ಕೊಕ್ಕಿನಿಂದ ಒಡೆದು ಮೆಲ್ಲಗೆ ಕರೆಯಿತು. ಮರಿಗಳು ಓಡಿಬಂದು ಮುತ್ತಿಕೊಂಡವು. ಆ ಮನುಷ್ಯ ಉಸಿರು ಬಿಗಿಹಿಡಿದು ನೋಡಿದರು. ಎದ್ದಾಗ ಹಿಂದಿಯಲ್ಲಿ, ಇಷ್ಟು ವರ್ಷ ಇವುಗಳ ತಟ್ಟೆಯನ್ನೇ ಸುಟ್ಟೆವಲ್ಲ ಎಂದರು.

ಅಂದಿನಿಂದ ಗುಡಿಸುವುದು ನಡೆಯುವ ದಾರಿ ಮಾತ್ರ. ಮಳೆಗಾಲ ಮುಗಿಯುವ ಹೊತ್ತಿಗೆ, ಗುಡಿಸಿದ್ದ ಭಾಗಕ್ಕೂ ಹಕ್ಕಿಗಳು ಮರಳಿದವು. ಈಗ ಯಾರಾದರೂ ಪೊದೆಯೊಳಗೆ ಕಾಲಿಟ್ಟರೆ ಆ ಹೆಂಗಸೇ ಪೊರಕೆ ಅಡ್ಡ ಹಿಡಿದು ಅವರನ್ನು ದಾರಿಗೆ ಕಳಿಸುತ್ತಾಳೆ.