ಛತ್ರಿ ಮಾವ ಮತ್ತು ಓಡುವ ಉಪಗ್ರಹಗಳು

ಊರಿಗೆಲ್ಲ ಅವರು ಛತ್ರಿ ಮಾವ. ಇಪ್ಪತ್ತೆರಡು ವರ್ಷ ಕಂಡವರ ತಾರಸಿ ಹತ್ತಿ ಛತ್ರಿಯಂಥ ಟಿವಿ ಡಿಶ್ ಕೂರಿಸಿ ಬಂದ ಹೆಸರು. ಸಿಗ್ನಲ್ ಅಳೆಯುವ ಮೀಟರು ಜೇಬಿನಲ್ಲಿದ್ದರೂ ಹೊರಗೆ ತೆಗೆಯುತ್ತಿರಲಿಲ್ಲ. ಒಂದು ಕಣ್ಣು ಮುಚ್ಚಿ, ಆಕಾಶದ ಒಂದೇ ಮೂಲೆ ನೋಡಿ, "ಉಪಗ್ರಹ ಅಲ್ಲೇ ಇದೆ, ನಿಂತ ಜಾಗ ಬಿಟ್ಟು ಕದಲಲ್ಲ" ಅನ್ನೋರು. "ನನಗಿಂತ ಅದರ ಮೇಲೇ ನಿಮಗೆ ನಂಬಿಕೆ" ಅಂತ ಹೆಂಡತಿ ಮೂದಲಿಸಿದರೆ, "ಅದು ದಿನಕ್ಕೆ ಹತ್ತು ಸಲ ಮಾತು ಬದಲಾಯಿಸಲ್ಲವಲ್ಲ" ಎಂದು ನಗುತ್ತಿದ್ದರು.

ಗುಡ್ಡದ ಮೇಲಿನ ಸಣ್ಣ ಆಸ್ಪತ್ರೆಯ ಡಾಕ್ಟರಮ್ಮ ಒಂದು ಬೆಳಿಗ್ಗೆ ಅವರನ್ನು ಕರೆಸಿದರು. ಅಲ್ಲಿ ಇಂಟರ್ನೆಟ್ಟಿಗೂ ಮಾವನೇ ಹಾಕಿದ ಡಿಶ್ ಇತ್ತು. ಆದರೆ ದೂರದ ಹೃದಯ ತಜ್ಞರ ಜೊತೆ ಮಾತಾಡುವಾಗ ಧ್ವನಿ ತಡವಾಗಿ ಮುಟ್ಟಿ, ಇಬ್ಬರೂ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುತ್ತಿದ್ದರು. ಅದಕ್ಕೇ ಹೊಸದೊಂದು ಚಪ್ಪಟೆ ಹಲಗೆಯಂಥ ಆಂಟೆನಾ ತರಿಸಿದ್ದರು.

ಮಾವ ತಾರಸಿ ಹತ್ತಿ ಹಳೇದನ್ನು ಬಿಚ್ಚಿ, ಅದೇ ಜಾಗದಲ್ಲಿ, ನೀರಿನ ಟ್ಯಾಂಕಿಗೂ ಗೋಡೆಗೂ ನಡುವೆ, ಹಲಗೆ ಬಿಗಿದರು. ಸಂಪರ್ಕ ಬಂತು. ಐದು ನಿಮಿಷಕ್ಕೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಕೇಬಲ್ ಬದಲಾಯಿಸಿದರು, ಬೋಲ್ಟು ತಿರುಗಿಸಿದರು. ಕೆಳಗೆ ಎದೆ ಹಿಡಿದುಕೊಂಡು ಮಲಗಿದ್ದ ಬಡಗಿಯೊಬ್ಬರ ವರದಿಯನ್ನು ಮಧ್ಯಾಹ್ನದೊಳಗೆ ತಜ್ಞರಿಗೆ ತೋರಿಸಬೇಕಿತ್ತು. ಇಷ್ಟು ವರ್ಷದಲ್ಲಿ ಹೀಗೆ ಕೈಕೊಟ್ಟ ಆಕಾಶವನ್ನು ಮಾವ ಕಂಡಿರಲಿಲ್ಲ.

ಡಾಕ್ಟರಮ್ಮ ಕೈಪಿಡಿ ಹಿಡಿದು ಮೇಲೆ ಬಂದರು. "ಇದನ್ನ ಯಾವ ಕಡೆ ತಿರುಗಿಸಿದೀರಿ?"

"ಉಪಗ್ರಹ ಇರೋ ಕಡೆ."

"ಇದರದು ಒಂದು ಕಡೆ ಇರಲ್ಲ ಮಾವ. ಬರೀ ಐನೂರೈವತ್ತು ಕಿಲೋಮೀಟರ್ ಮೇಲೆ ಸಾವಿರಾರು ಓಡ್ತಿವೆ. ಒಂದು ದಾಟಿ ಹೋದ್ರೆ ಇನ್ನೊಂದು ಬರುತ್ತೆ. ಹತ್ತಿರ ಇರೋದಕ್ಕೇ ಮಾತು ಬೇಗ ಮುಟ್ಟೋದು. ಇಡೀ ಆಕಾಶ ಕಾಣಬೇಕು ಇದಕ್ಕೆ."

"ಮತ್ತೆ ನನ್ನದು? ನಿಂತಿರೋದು?"

"ಅದು ಮೂವತ್ತಾರು ಸಾವಿರ ಕಿಲೋಮೀಟರ್ ಮೇಲೆ. ಅದೂ ಓಡ್ತಾನೇ ಇದೆ. ಭೂಮಿ ಒಂದು ಸುತ್ತು ತಿರುಗೋಷ್ಟರಲ್ಲಿ ಅದೂ ಒಂದು ಸುತ್ತು ಹಾಕುತ್ತೆ. ಹಾಗಾಗಿ ನಿಂತ ಹಾಗೆ ಕಾಣುತ್ತೆ."

ಮಾವ ಕಟ್ಟೆಯ ಮೇಲೆ ಕುಕ್ಕರಿಸಿದರು. "ಓಡ್ತಿದೆಯಾ? ಇಷ್ಟು ವರ್ಷದಿಂದ?"

"ಹೂಂ."

"ಹಾಗಾದ್ರೆ ಮೊಬೈಲಲ್ಲಿ ದಾರಿ ತೋರಿಸೋದು?"

"ಅವು ಮಧ್ಯದಲ್ಲಿ, ಇಪ್ಪತ್ತು ಸಾವಿರದ ಹತ್ತಿರ. ದಿನಕ್ಕೆ ಎರಡು ಸುತ್ತು. ನಾವೆಲ್ಲಿದೀವಿ ಅಂತ ಗೊತ್ತಾಗೋಕೆ ಒಟ್ಟಿಗೆ ನಾಲ್ಕಾದ್ರೂ ಸಿಗಬೇಕು."

"ಸಾಕು ತಾಯಿ, ತಲೆ ಗಿರ್ ಅಂತಿದೆ."

ಅರ್ಥವಾಗದಿದ್ದರೂ ಕೈ ಸುಮ್ಮನಿರಲಿಲ್ಲ. ಹಲಗೆ ಕಿತ್ತು, ಟ್ಯಾಂಕಿನ ನೆತ್ತಿಗೆ ಏರಿಸಿ, ಬಯಲಾದ ಆಕಾಶಕ್ಕೆ ಮುಖ ಮಾಡಿ ಬಿಗಿದರು. ಕರೆ ನಲವತ್ತು ನಿಮಿಷ ಒಮ್ಮೆಯೂ ಕಡಿಯಲಿಲ್ಲ. ತಜ್ಞರು ವರದಿ ನೋಡಿದವರೇ ಕೂಡಲೇ ದೊಡ್ಡಾಸ್ಪತ್ರೆಗೆ ಕಳಿಸಿ ಎಂದರು. ಬಡಗಿ ಹದಿನೈದು ದಿನಕ್ಕೆ ನಡೆದುಕೊಂಡೇ ಮನೆಗೆ ಬಂದರು.

ಮಾವ ಮಾತ್ರ ಇನ್ನೂ ಚೇತರಿಸಿಕೊಂಡಿಲ್ಲ. ಹೆಂಡತಿಗೆ ವಿವರಿಸಲು ಹೋಗಿ, ಲೋಟದ ಸುತ್ತ ಚಮಚ ತಿರುಗಿಸುತ್ತ, ಯಾವುದು ಭೂಮಿ ಎಂಬುದನ್ನೇ ಮರೆತರು. ಈಗ ಹೊಸ ಹಲಗೆ ಕೂರಿಸುವ ಕೆಲಸ ವಾರಕ್ಕೆರಡು ಬರುತ್ತವೆ, ಎಲ್ಲವನ್ನೂ ಚೆನ್ನಾಗಿಯೇ ಕೂರಿಸುತ್ತಾರೆ. ಆದರೂ ಏಣಿ ಇಳಿದ ಮೇಲೆ ಡಾಕ್ಟರಮ್ಮನಿಗೆ ಒಂದು ಫೋನು ಹೋಗುತ್ತದೆ:

"ಅಮ್ಮಾ, ನಾಲ್ಕು ಬೇಕು ಅಂದಿದ್ದು ಯಾವುದಕ್ಕೆ?"